ಮುಟ್ಟಿದರೆ ಮುನಿ

ಹೋದ ಭಾನುವಾರ ಪಕ್ಕದ ಮನೆ ತಾತ ನನ್ನ ಮಗಳನ್ನು ಅಳಿಸಿಬಿಟ್ಟರು. ಬೇಕೂಂತ ಅಲ್ಲ. ಗ್ಯಾರೇಜಿನ ಮುಂದೆ ಅವಳೂ ಅವರ ಮೊಮ್ಮಗನೂ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಹುಡುಗ ಇವಳ ಸೊಂಟಕ್ಕೆ ಅಂಗೈ ಒತ್ತಿ ತಳ್ಳಿದ. ಇವಳು "ಫೌಲ್!" ಎಂದು ಕೂಗಿದಳು. ತಾತ ಕುರ್ಚಿಯಲ್ಲಿ ಕೂತೇ ನಕ್ಕರು. "ಇದು ಫೌಲಾ? ನಮ್ಮ ಕಾಲದಲ್ಲಿ ಇದನ್ನೇ ಡಿಫೆನ್ಸ್ ಅಂತಿದ್ವಿ. ಈಗ ಮೈಗೆ ಉಸಿರು ತಾಗಿದರೂ ವಿಷಲ್ ಊದ್ತಾರೆ."

ನನಗೆ ಒಳಗೊಳಗೇ ನಗು. ಊರಲ್ಲಿ ಗದ್ದೆ ಬದಿಯಲ್ಲಿ ಬೆಳೆಯುವ ಮುಟ್ಟಿದರೆ ಮುನಿ ಗಿಡ ನೆನಪಾಯಿತು. ಆದರೆ ಮಗಳಿಗೆ ಇನ್ನೂ ಹನ್ನೊಂದು ವರ್ಷ. ಬಾಲ್ ಅಲ್ಲೇ ಬಿಟ್ಟು ಒಳಗೆ ಹೋದಳು.

ತಾತ ಡೆಟ್ರಾಯ್ಟಿನ ಕಾರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ ಪಿಸ್ಟನ್ಸ್ ಅಂದರೆ ಪ್ರಾಣ. 1989 ಮತ್ತು 1990ರಲ್ಲಿ ಈ ತಂಡ ಸತತ ಎರಡು ಸಲ ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್, ಗೆದ್ದಿತ್ತು. ಊರೆಲ್ಲ ಅವರನ್ನು 'ಬ್ಯಾಡ್ ಬಾಯ್ಸ್' ಎಂದೇ ಕರೆಯುತ್ತಿತ್ತು. ಬಿಲ್ ಲೇಂಬಿಯರ್, ಡೆನಿಸ್ ರಾಡ್‌ಮನ್, ಐಸಾಯ ಥಾಮಸ್. ಬ್ಯಾಸ್ಕೆಟ್ ಕೆಳಗೆ ನುಗ್ಗಿ ಬಂದವನಿಗೆ ಒಂದಲ್ಲ ಒಂದು ಸಲ ನೆಲದ ರುಚಿ ತೋರಿಸಿಯೇ ಕಳಿಸುತ್ತಿದ್ದರು. ಮೈಕಲ್ ಜೋರ್ಡನ್‌ಗಂತೂ ಬೇರೆಯದೇ ಪಾಠ. ಅವನ ಕೈಗೆ ಬಾಲ್ ಬಂದರೆ ಇಬ್ಬರು ಮೇಲೆ ಬೀಳಬೇಕು, ಹಾರಿದರೆ ಕೆಡವಬೇಕು. ಅದಕ್ಕೆ 'ಜೋರ್ಡನ್ ರೂಲ್ಸ್' ಎಂಬ ಹೆಸರೂ ಇತ್ತು. ಮೂರು ವರ್ಷ ಅದು ನಡೆಯಿತು. 1991ರಲ್ಲಿ ಜೋರ್ಡನ್ನನ ತಂಡ ಬುಲ್ಸ್ ಇವರನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿತು. ಕೊನೇ ಆಟ ಮುಗಿಯುವ ಮುಂಚೆಯೇ ಇವರಲ್ಲಿ ಸುಮಾರು ಜನ ಕೈ ಕುಲುಕದೆ ಎದ್ದು ನಡೆದರು. ಕಥೆ ಇಲ್ಲಿಗೆ ಬಂದಾಗ ತಾತನಿಗೆ ಯಾವಾಗಲೂ ಕಾಫಿ ಬೇಕಾಗುತ್ತದೆ.

ಆಮೇಲೆ ಬಂದ ನಿಯಮಗಳೆಲ್ಲ ಅವರ ಪ್ರಕಾರ ಪಿಸ್ಟನ್ಸ್ ಮೇಲಿನ ಸೇಡು. ಮುಂಚೆ ಕೋರ್ಟಿನಲ್ಲಿ ಇಬ್ಬರೇ ರೆಫ್ರಿಗಳು. ಮೂರನೆಯವನು ಕಾಯಂ ಆಗಿ ಬಂದದ್ದು 1988–89ರಲ್ಲಿ. "ಮೂರು ಜೊತೆ ಕಣ್ಣಿನ ಮುಂದೆಯೇ ಗೆದ್ವಿ," ಎನ್ನುತ್ತಾರೆ. 1990–91ರಿಂದ ಒರಟು ಹೊಡೆತಕ್ಕೆ 'ಫ್ಲೇಗ್ರಂಟ್ ಫೌಲ್' ಬಂತು. ಎದುರಾಳಿಯ ಸೊಂಟಕ್ಕೆ ಕೈ ಕೊಟ್ಟು ತಡೆಯುವುದಕ್ಕೆ 1994ರಲ್ಲಿ ಕಡಿವಾಣ ಬಿತ್ತು, 2004ರಲ್ಲಿ ಇನ್ನೂ ಬಿಗಿಯಾಯಿತು. ಅಲ್ಲಿಂದ ಚಿಕ್ಕ ಆಳಿನ ಚುರುಕು ಆಟಗಾರರಿಗೆ ದಾರಿ ತೆರೆಯಿತು. 2003–04ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ ಸುಮಾರು 93 ಪಾಯಿಂಟ್ ಗಳಿಸುತ್ತಿತ್ತು, 2023–24ರಲ್ಲಿ ಸುಮಾರು 114. ದೂರದಿಂದ ಎಸೆದು ಮೂರು ಪಾಯಿಂಟ್ ಗಳಿಸುವ ಹುಚ್ಚೂ ಅದಕ್ಕೆ ಕಾರಣ ಅನ್ನಿ. ತಾತ ಅದನ್ನು ಒಪ್ಪುವುದಿಲ್ಲ.

ತಾತನ ಮಾತು ಪೂರ್ತಿ ಸುಳ್ಳಲ್ಲ. ಈಗ ಕೆಲವರು ಬಾಲ್ ಹಾಕುವುದಕ್ಕಿಂತ ಬೀಳುವುದನ್ನೇ ಚೆನ್ನಾಗಿ ಕಲಿತಿದ್ದಾರೆ. ತಾವೇ ಹೋಗಿ ಎದುರಾಳಿಗೆ ಮೈ ತಾಗಿಸುವುದು, ಕೈ ಎಸೆದು ಚೀರುವುದು, ರೆಫ್ರಿ ನೋಡುವವರೆಗೂ ಬಿದ್ದೇ ಇರುವುದು. ನಮ್ಮೂರ ನಾಟಕದಲ್ಲಿ ಸಾಯುವ ಪಾತ್ರದವನೂ ಇಷ್ಟು ಹೊತ್ತು ಸಾಯಲ್ಲ. ಎನ್‌ಬಿಎಗೂ ಸಾಕಾಗಿ 2021ರಲ್ಲಿ ಇಂಥ ಕೆಲವು ಚೇಷ್ಟೆಗೆ ಫೌಲ್ ಕೊಡುವುದನ್ನು ನಿಲ್ಲಿಸಿತು. 2023ರಿಂದ ಸುಮ್ನೆ ಬಿದ್ದವನಿಗೇ ಟೆಕ್ನಿಕಲ್ ಫೌಲ್.

ಇರಲಿ. ಅದೇ ಸಂಜೆ ತಾತ ಬಾಗಿಲು ತಟ್ಟಿದರು. ಕೈಯಲ್ಲಿ ಕುಕೀಸ್ ಡಬ್ಬ, ಇನ್ನೊಂದರಲ್ಲಿ ಫೋನು. ರಾಜಿಗೆ ಬಂದವರು ವಾದ ಮಾತ್ರ ಬಿಟ್ಟಿರಲಿಲ್ಲ. "ನಮ್ಮವರನ್ನೇ ಎಲ್ಲರೂ ಬೈತಾರೆ. ಬಾಸ್ಟನ್‌ನವರು ಏನ್ ಮಾಡಿದ್ರು ನೋಡು," ಎಂದು ಮಗಳಿಗೆ ಹಳೇ ವಿಡಿಯೊ ತೋರಿಸಿದರು. 1984ರ ಫೈನಲ್ಸ್, ನಾಲ್ಕನೇ ಪಂದ್ಯ. ಲಾಸ್ ಏಂಜಲೀಸ್ ತಂಡದ ಕರ್ಟ್ ರ್‍ಯಾಂಬಿಸ್ ಬಾಲ್ ಹಿಡಿದು ಹಾರುತ್ತಾನೆ. ಬಾಸ್ಟನ್‌ನ ಕೆವಿನ್ ಮೆಕ್‌ಹೇಲ್ ಗಾಳಿಯಲ್ಲೇ ಅವನ ಕುತ್ತಿಗೆಗೆ ತೋಳು ಹಾಕಿ ಎಳೆದು ಕೆಡವುತ್ತಾನೆ. ದನ ಕೆಡವಿದ ಹಾಗೆ.

ಮಗಳು ಎರಡು ಸಲ ನೋಡಿದಳು. ಆಮೇಲೆ ಕೇಳಿದಳು: "ರೆಫ್ರಿ ಎಲ್ಲಿದ್ದ?"

"ಅಲ್ಲೇ ಇದ್ದ. ಫೌಲ್ ಕೊಟ್ಟ, ಅಷ್ಟೇ. ಮೆಕ್‌ಹೇಲ್ ಆಟ ಮುಂದುವರಿಸಿದ. ಈಗ ಆಗಿದ್ರೆ ಮನೆಗೆ ಕಳಿಸ್ತಿದ್ರು."

"ಅಲ್ಲೇ ಇದ್ನಾ? ಅಲ್ಲೇ ಇದ್ದೂ ಅಷ್ಟೇನಾ?"

ತಾತ ಕುಕೀ ಮುರಿದರು. ನನ್ನ ನಾಲಿಗೆ ತಂತಾನೇ ಮೇಲ್ದುಟಿಯ ಒಳಗಿನ ಗಂಟಿಗೆ ಹೋಯಿತು.

1998. ಮಂಡ್ಯದಲ್ಲಿ ಕಾಲೇಜು ಹುಡುಗಿಯರ ಪಂದ್ಯ. ಸಿಮೆಂಟ್ ಕೋರ್ಟು, ಮಧ್ಯಾಹ್ನ ಮೂರರ ಬಿಸಿಲು, ಬಲೆ ಇಲ್ಲದ ರಿಂಗು. ರಿಂಗಿಗೆ ಬಡಿದು ಚಿಮ್ಮಿದ ಬಾಲಿಗೆ ಹಾರಿದಾಗ ಎದುರು ತಂಡದವಳ ಮೊಣಕೈ ಬಾಯಿಗೆ ಬಿತ್ತು. ತುಟಿ ಸೀಳಿ ಜರ್ಸಿ ಮೇಲೆ ರಕ್ತ. ರೆಫ್ರಿ ನೋಡಿದರು. ನಾನು ಅವರನ್ನು ನೋಡಿದೆ. ಕೈ ಬೀಸಿ "ಆಡಿ, ಆಡಿ" ಎಂದರು. ನಮ್ಮ ಪಿಟಿ ಮಾಸ್ತರು ಗೆರೆಯಾಚೆಯಿಂದಲೇ, "ಏನಾಗಲ್ಲ ತಡ್ಕೋ, ನೀರು ಮುಕ್ಕಳಿಸಿ ಬಾ," ಎಂದರು. ಮುಕ್ಕಳಿಸಿ ಬಂದೆ. ಆರು ಪಾಯಿಂಟ್ ಹಾಕಿದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಊದಿದ ತುಟಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಿಜ ಹೇಳಲಾ, ಖುಷಿಯಾಗಿತ್ತು.

ಮನೆಯಲ್ಲಿ ಅವ್ವ ಬಾಗಿಲಲ್ಲೇ ನಿಲ್ಲಿಸಿದಳು. "ನೋಡಿ, ಮೂತಿ ಒಡಿಸ್ಕೊಂಡು ಬಂದವ್ಳೆ. ನಾಳೆ ನೋಡೋಕ್ ಬರೋರ್ಗೆ ಏನಂತ ಹೇಳ್ಲಿ?" ಹೆಣ್ಣು ನೋಡೋಕೆ ಯಾರೂ ಬರುವವರಿರಲಿಲ್ಲ. ಬಂದರೆ ಎನ್ನುವ ಲೆಕ್ಕ. ಶೂಸು ಅವತ್ತೇ ಅಟ್ಟ ಸೇರಿತು. ಅಪ್ಪ ಎದುರಿಗೇ ಕುರ್ಚಿಯಲ್ಲಿ ಕೂತಿದ್ದರು. ಪೇಪರಿನಿಂದ ತಲೆ ಎತ್ತಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ. ಮಾರನೇ ದಿನ ಆಫೀಸಿನಿಂದ ಬಂದವಳೇ ಅವಳ ಜೊತೆ ಬಾಲ್ ಹಿಡಿದೆ. ಮಂಡಿ ಕಟಕಟ ಎನ್ನುತ್ತಿತ್ತು. ಅವಳು ಪಕ್ಕದಿಂದ ನುಗ್ಗಿದಾಗ ನನಗೇ ಗೊತ್ತಿಲ್ಲದೆ ಅಂಗೈ ಅವಳ ಸೊಂಟಕ್ಕೆ ಹೋಯಿತು. ಹಳೇ ಚಾಳಿ.

"ಫೌಲ್!"

ನಾನು ನಿಂತು ಬಲಗೈ ಮೇಲೆತ್ತಿದೆ.

"ಕೈ ಯಾಕಮ್ಮಾ ಎತ್ತಿದೆ? ಇದೇನು ಕ್ಲಾಸಾ?"

ನಾವು ಆಡುವಾಗ ಹಾಗಿತ್ತು. ಫೌಲ್ ಮಾಡಿದವಳು ಕೈ ಎತ್ತಿ, ನಾನೇ ಮಾಡಿದ್ದು ಅಂತ ತೋರಿಸಬೇಕಿತ್ತು. ಅವಳಿಗೆ ಅದನ್ನು ಹೇಳುತ್ತಿದ್ದಾಗ ಬೇಲಿಯಾಚೆ ತಾತ ನೀರಿನ ಪೈಪು ಹಿಡಿದು ನಿಂತಿದ್ದರು. ಮುಂಚೆ ಎನ್‌ಬಿಎಯಲ್ಲೂ ಹಾಗೇ ಎತ್ತುತ್ತಿದ್ದರು ಎಂದು ಅಲ್ಲಿಂದಲೇ ಕೂಗಿದರು.

"ಲೇಂಬಿಯರ್ ಎತ್ತುತ್ತಿದ್ನಾ?" ಎಂದು ಮಗಳು ಕೇಳಿದಳು.

"ಎರಡೂ ಕೈ ಎತ್ತುತ್ತಿದ್ದ," ಎಂದರು ತಾತ. "ನಾನೇನೂ ಮಾಡಿಲ್ಲ ಅಂತ."