‘ರೋಸಾನಾ’ ನಿಧಾನವೆಂಬ ದೂರು

ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೇರ್ ವಾಲೋ ಜೊತೆಗೂಡಿ ಬರೆದ, 1965ರಲ್ಲಿ ಪ್ರಕಟವಾದ ‘ರೋಸಾನಾ’ ಪತ್ತೇದಾರಿ ಕಾದಂಬರಿಯನ್ನು ಓದಿದ ಗೆಳೆಯರಲ್ಲಿ ಹೆಚ್ಚಿನವರದು ಒಂದೇ ಮಾತು: ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ದೂರು ಸುಳ್ಳೇನಲ್ಲ. ಯೋತಾ ಕಾಲುವೆಯಲ್ಲಿ ಹೂಳೆತ್ತುವಾಗ ಸಿಕ್ಕಿದ ಯುವತಿಯ ಹೆಣ ಯಾರದೆಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ; ಪತ್ತೇದಾರ ಮಾರ್ಟಿನ್ ಬೆಕ್ ನೆಗಡಿ, ಹೊಟ್ಟೆಯ ತೊಂದರೆ, ಸಪ್ಪೆಯಾದ ದಾಂಪತ್ಯ ಇವುಗಳ ನಡುವೆ ಕಡತಗಳನ್ನು ತಿರುವಿಹಾಕುತ್ತಾ ಕಾಯುತ್ತಾನೆ.

ನನಗೆ ಹಿಡಿಸಿದ್ದು ಆ ಕಾಯುವಿಕೆಯೇ. ಕಾಲುವೆಯ ಹಡಗಿನಲ್ಲಿ ಪಯಣಿಸಿ ನಾನಾ ದೇಶಗಳಿಗೆ ಚದುರಿಹೋದ ಪ್ರವಾಸಿಗಳಿಂದ ಅವರು ತೆಗೆದ ಫೋಟೋಗಳನ್ನೂ ಫಿಲ್ಮುಗಳನ್ನೂ ತರಿಸಿಕೊಂಡು, ಯಾರದೋ ಬೆನ್ನ ಹಿಂದೆ, ಚಿತ್ರದ ಅಂಚಿನಲ್ಲೆಲ್ಲೋ ನಿಂತಿರಬಹುದಾದ ಆ ಯುವತಿಯನ್ನು ಪೊಲೀಸರು ಹುಡುಕುವ ಪುಟಗಳಲ್ಲಿ ಎದೆಬಡಿತ ಹೆಚ್ಚಿಸುವ ಶಕ್ತಿಯಿದೆ. ಕೊನೆಗೆ (ಇನ್ನೂ ಓದದವರು ಮನ್ನಿಸಬೇಕು) ಕೊಲೆಗಾರನನ್ನು ಹಿಡಿಯಲು ಮಹಿಳಾ ಪೊಲೀಸ್ ಒಬ್ಬಳನ್ನೇ ಅವನ ಮುಂದೆ ಒಡ್ಡುವ ಉಪಾಯ ಮಾತ್ರ ಅದುವರೆಗಿನ ಸಂಯಮಕ್ಕೆ ಒಗ್ಗಲಿಲ್ಲ. ಆ ವಿಷಯದಲ್ಲಿ ನಾನೂ ಆಕ್ಷೇಪಿಸುವವರ ಪಕ್ಷವೇ. ಬೆಕ್ 1975ರವರೆಗೆ ಇನ್ನೂ ಒಂಬತ್ತು ಕಾದಂಬರಿಗಳಲ್ಲಿ ಬರುತ್ತಾನೆ. ಎರಡನೆಯದನ್ನು ಈಗಾಗಲೇ ಕೈಗೆತ್ತಿಕೊಂಡಿದ್ದೇನೆ.