ಹಬ್ಬವಿಲ್ಲದ ಮನೆಗೆ ಬಂದ ತಟ್ಟೆಗಳು

ಡಿಸೆಂಬರ್ 24ರಂದು ಹುಬ್ಬಳ್ಳಿಯಿಂದ ಗೋವಾ ಕಡೆ ಹೋಗುವ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಾಟಿ ಇಳಿಯುವಾಗ ದೂಧಸಾಗರ ನೋಡಲು ಇಡೀ ಬೋಗಿಯೇ ಕಿಟಕಿಗೆ ಮುಗಿಬಿತ್ತು. ಮನೆಯವರು ತೀರಿಕೊಂಡ ಮೇಲೆ ನಾನು ಒಬ್ಬಳೇ ಹೊರಟದ್ದು ಇದೇ ಮೊದಲು. ವರ್ಷ ತುಂಬದ ಮನೆ, ದೀಪಾವಳಿಯೂ ಇರಲಿಲ್ಲ. ಅದೇ ಗೋಡೆಗಳ ನಡುವೆ ಡಿಸೆಂಬರನ್ನೂ ಕಳೆಯುವುದು ಬೇಡವೆನಿಸಿತ್ತು. ಮಡಗಾಂವ್‌ನಲ್ಲಿಳಿದು ಕದಂಬ ಬಸ್ಸು ಹತ್ತಿ ಪಣಜಿ ಸೇರಿದೆ.

ಉಳಿದುಕೊಂಡದ್ದು ಪಣಜಿಯ ಹಳೇ ಕೇರಿ ಫೊಂಟೈನ್ಹಾಸ್‌ನ ಒಂದು ಹಳೇ ಮನೆಯಲ್ಲಿ. ಮನೆಯೊಡತಿಯನ್ನು ಆಯಿ ಎನ್ನುತ್ತಿದ್ದರು. ಓಣಿಯ ಬಾಲ್ಕನಿಗಳಲ್ಲೆಲ್ಲ ನಕ್ಷತ್ರದ ಗೂಡುದೀಪ, ಮೆಟ್ಟಿಲ ಬಳಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಗೋದಲಿ. ಈ ಮನೆಗೆ ಮಾತ್ರ ಎರಡೂ ಇಲ್ಲ. ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿ ಅಡುಗೆಮನೆಯಿಂದ ಕೆಲಸದಾಕೆ ಓಡಿ ಬಂದಳು. ಬಾದಾಮಿ ಕಡೆಯವಳು, ಗಂಡ ಗೌಂಡಿ.

“ಅಕ್ಕಾರ, ಈ ವರ್ಷ ಆಯಿ ಮನ್ಯಾಗ ಹಬ್ಬ ಇಲ್ರೀ. ಯಜಮಾನ್ರು ಹೋಗ್ಯಾರ. ಮಕ್ಕಳು ಪರದೇಶದಾಗ.”

ಗೋವಾದ ಕ್ರೈಸ್ತರಲ್ಲೂ ಸಾವಾದ ಮನೆಯಲ್ಲಿ ಕ್ರಿಸ್‌ಮಸ್ ತಿಂಡಿ ಮಾಡುವುದಿಲ್ಲವಂತೆ. ಆದರೆ ನೆರೆಹೊರೆಯವರು ಕಳಿಸಲೇಬೇಕು. ಸಂಜೆಯಿಂದಲೇ ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆಗಳು ಬರತೊಡಗಿದವು: ನಮ್ಮ ಕರ್ಜಿಕಾಯಿಯಂಥ ನೆವ್ರಿ, ಕಪ್ಪಗೆ ಮಿನುಗುವ ದೊದೋಲ್, ಪದರ ಪದರ ಬೇಯಿಸಿದ ಬೆಬಿಂಕಾ. ತಂದವರು ಬಾಗಿಲಲ್ಲೇ ನಿಂತು ಹೋಗಲಿಲ್ಲ, ಕೂತು ಮಾತಾಡಿಸಿದರು. ಕೊನೆಗೆ ಬಾದಾಮಿಯವಳೂ ಸೆರಗಿನಡಿಯಿಂದ ಸ್ಟೀಲ್ ಡಬ್ಬಿ ತೆಗೆದು ಅವುಗಳ ಪಕ್ಕ ಶೇಂಗಾ ಹೋಳಿಗೆ ಇಟ್ಟಳು. ತುಪ್ಪಕ್ಕೆ ಒಂದಕ್ಕೊಂದು ಅಂಟಿದ್ದವು. ಆಯಿ ಮೊದಲು ಮುರಿದದ್ದು ಅದನ್ನೇ. ಅರ್ಧ ನನ್ನ ಕೈಗಿತ್ತರು. ನನಗೂ ವರ್ಷ ತುಂಬಿಲ್ಲವೆಂದು ಆಗ ಹೇಳಿದೆ. ಅವರು ಏನೂ ಕೇಳಲಿಲ್ಲ, ಬೆಬಿಂಕಾದ ದೊಡ್ಡ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದರು. ಅಯ್ಯೋ ಪಾಪ ಎನ್ನುವವರ ಮುಂದೆ ನಾನು ತಿಂಗಳುಗಟ್ಟಲೆ ಕೂತಿದ್ದೇನೆ. ಇಲ್ಲಿ ಹಾಗನ್ನುವವರು ಯಾರೂ ಇರಲಿಲ್ಲ, ಬೇರೆಯವರಿಗೆ ಸಲ್ಲುವಂತೆ ನನಗೂ ಒಂದು ಪಾಲು ಸಲ್ಲುತ್ತಿತ್ತು, ಅಷ್ಟೇ. ಹೊಟ್ಟೆ ತುಂಬ ಉಂಡದ್ದು ಎಷ್ಟೋ ದಿನಗಳ ಮೇಲೆ.

ರಾತ್ರಿ ಅವರ ಕೈ ಹಿಡಿದು ಪಣಜಿಯ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಚರ್ಚಿಗೆ ಹೋದೆ. ಅಂಕುಡೊಂಕಾಗಿ ಏರುವ ಆ ಬಿಳೀ ಮೆಟ್ಟಿಲುಗಳನ್ನು ಇಬ್ಬರೂ ನಿಂತು ನಿಂತು ಹತ್ತಿದೆವು. ಇಲ್ಲಿಯ ದೊಡ್ಡ ಗಂಟೆ ಹಳೇ ಗೋವಾದ ಅಗಸ್ಟಿನ್ ಮಠದ್ದು. ಮಠ ಪಾಳುಬಿದ್ದ ಮೇಲೆ, 1871ರಲ್ಲಿ ಇಲ್ಲಿಗೆ ಬಂತು. ಬಲಿಪೂಜೆ, ಅಂದರೆ ಚರ್ಚಿನ ಪೂಜಾವಿಧಿ, ಕೊಂಕಣಿಯಲ್ಲಿ, ಪೂರ್ತಿ ತಿಳಿಯಲಿಲ್ಲ. ನಡುವೆ ಪಾದ್ರಿಗಳು ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದಾಗ ಎಡಬಲದವರು, ಮುಂದಿನ ಸಾಲಿನವರು, ಒಬ್ಬ ಸಣ್ಣ ಹುಡುಗ ಕೂಡ ನನ್ನತ್ತ ತಿರುಗಿ ನೇರ ಕಣ್ಣು ನೋಡಿ ಕೈ ಮುಗಿದರು. ನಾನೂ ಮುಗಿದೆ. ಅಳು ಬಂತು, ತಡೆದುಕೊಳ್ಳಲಿಲ್ಲ.

ಹೊರಡುವ ದಿನ ಆಯಿ ಬುತ್ತಿ ಕಟ್ಟಿಸಿದರು. ಬರುವ ವರ್ಷ ಮನೆಯಲ್ಲೇ ದೊದೋಲ್ ಮಾಡಬೇಕಂತೆ. ಅಕ್ಕಿಹಿಟ್ಟು, ತೆಂಗಿನಹಾಲು, ಕರಿಬೆಲ್ಲ ಹಾಕಿ ಗಂಟೆಗಟ್ಟಲೆ ತಿರುವಬೇಕು, ಅವರ ರಟ್ಟೆಗೆ ಅದು ಆಗದು.

“ನೀವು ಬರಬೇಕಂತ್ರೀ ಅಕ್ಕಾರ, ಸೌಟು ಹಿಡಿಯಾಕ,” ಎಂದಳು ಬಾದಾಮಿಯವಳು.

“ಬರ್ತೀನಿ ಅಂತ ಹೇಳವಾ,” ಎಂದೆ.