ಮೂಗು ಕಟ್ಟಿದ ಕೂಸು, ನನ್ನ ಅವಸರ

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಸೇರಿದ ಮೊದಲ ಚಳಿಗಾಲ. ರಾತ್ರಿ ಡ್ಯೂಟಿ. ಎರಡೂವರೆ ತಿಂಗಳ ಕೂಸೊಂದು ಮೂಗು ಕಟ್ಟಿಕೊಂಡು ಬಂದಿತ್ತು. ಎರಡು ಸಲ ಚೀಪೋದು, ಮೊಲೆ ಬಿಟ್ಟು ಬಾಯಿ ತೆರೆಯೋದು, ಅಳೋದು, ಮತ್ತೆ ಚೀಪೋದು. ತಾಯಿ ಕರೆದಾಗಲೆಲ್ಲ ಓಡಿ ಹೋಗಿ ಸಕ್ಷನ್ ಮಾಡಿದೆ, ಅಂದರೆ ನಳಿಕೆಯಿಂದ ಸಿಂಬಳ ಎಳೆದೆ. ಬೆಳಗಾಗುವಷ್ಟರಲ್ಲಿ ಏಳೆಂಟು ಸಲ ಆಗಿತ್ತು. ಕೊನೆಯ ಸಲ ಸಿಂಬಳದ ಜೊತೆ ರಕ್ತದ ಎಳೆ ಬಂತು. ಮೂಗು ಮಾತ್ರ ಮೊದಲಿಗಿಂತ ಜಾಸ್ತಿ ಕಟ್ಟಿತ್ತು.

ಬೆಳಿಗ್ಗೆ ಡ್ಯೂಟಿಗೆ ಬಂದ ಸೀನಿಯರ್ ಸಿಸ್ಟರ್ ಟಾರ್ಚ್ ಬಿಟ್ಟು ನೋಡಿದರು. "ಇಲ್ಲಿ ತೆಗೆಯೋಕೆ ಏನಿದೆಯಮ್ಮಾ? ಒಳಗಿನ ಚರ್ಮ ಊದಿದೆ ಅಷ್ಟೇ. ಎಳೆದೂ ಎಳೆದೂ ನೀನೇ ಊದಿಸಿದ್ದೀಯ" ಅಂದರು. ಆಮೇಲೆ ಎರಡೂ ಹೊಳ್ಳೆಗೆ ಎರಡೆರಡು ಹನಿ ಸಲೈನ್ ಬಿಟ್ಟು, ಕೈಕಟ್ಟಿ ನಿಂತರು. ನಾನು ಚಡಪಡಿಸುತ್ತಿದ್ದೆ. ಕೂಸು ಒಂದು ಸೀನು ಸೀನಿತು, ಒಣಗಿ ಕೂತಿದ್ದ ಹಕ್ಕಳೆ ತಾನೇ ಹೊರಗೆ ಬಂತು. ಬಟ್ಟೆಯಲ್ಲಿ ಒರೆಸಿ ಕೂಸನ್ನು ತಾಯಿ ಕೈಗೆ ಕೊಟ್ಟರು. ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಹಾಲು ಕುಡಿಯಿತು.

ಈಗ ಒಪಿಡಿಯಲ್ಲಿ ನಾನು ದಿನಾ ಹೇಳೋದು ಇದನ್ನೇ. ಮೊದಲು ನೆನೆಸಿ, ಕಾಯಿರಿ, ಆಮೇಲೆ ಬೇಕಿದ್ದರೆ ತೆಗೀರಿ. ಮೊದಲ ಕೆಲವು ತಿಂಗಳು ಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ, ಹೊಳ್ಳೆಯೋ ಇಷ್ಟೇ ಇಷ್ಟು, ಸ್ವಲ್ಪ ಊದಿದರೂ ದಾರಿ ಅರ್ಧ ಮುಚ್ಚಿದ ಹಾಗೆ, ಅದಕ್ಕೇ ಹಾಲು ಕುಡಿಯುವಾಗ ಅಷ್ಟೊಂದು ಒದ್ದಾಟ. ಹಾಗಾಗಿ ಹಾಲು ಕೊಡುವ ಹತ್ತು-ಹದಿನೈದು ನಿಮಿಷ ಮೊದಲು ಮೂಗು ನೋಡಿದರೆ ಸಾಕು. ಮಗು ಗೊರಗೊರ ಅಂತಿದ್ದರೂ ಚೆನ್ನಾಗಿ ಕುಡಿದು ನಿದ್ದೆ ಮಾಡ್ತಿದೆಯಾ? ಸುಮ್ನೆ ಬಿಟ್ಟುಬಿಡಿ. ಹುಟ್ಟಿದ ಮೊದಲ ವಾರಗಳಲ್ಲಿ ನೆಗಡಿ ಇಲ್ಲದೆಯೂ ಆ ಸದ್ದು ಬರುತ್ತೆ.

ಮೆಡಿಕಲ್‌ನಲ್ಲಿ ಮಕ್ಕಳ ಸಲೈನ್ ಡ್ರಾಪ್ಸ್ ಅಂತ ಕೇಳಿ. ಅದು ಬರೀ ಉಪ್ಪುನೀರು, ಔಷಧಿ ಇರಲ್ಲ. ದೊಡ್ಡವರು ಮೂಗಿಗೆ ಹಾಕುವ, ಕ್ಸೈಲೋಮೆಟಾಜೊಲಿನ್ ಅನ್ನೋ ಮೂಗಿನ ಊತ ಇಳಿಸುವ ಔಷಧಿ ಇರುವ ಡ್ರಾಪ್ಸ್ ಬೇರೆ. ಡಾಕ್ಟರ್ ಹೇಳದೆ ಅದನ್ನು ಕೂಸಿಗೆ ಹಾಕಲೇಬೇಡಿ. ಎರಡೂ ಬಾಟಲಿ ನೋಡೋಕೆ ಹೆಚ್ಚು ಕಮ್ಮಿ ಒಂದೇ ಥರ, ಅದೇ ಎಡವಟ್ಟು.

ಸಿಂಬಳ ಎಳೆಯುವ ರಬ್ಬರ್ ಬಲ್ಬ್ ಬಳಸುವುದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮೂಗಿಗೆ ಇಟ್ಟ ಮೇಲೆ ಅದುಮುತ್ತಾರೆ. ಆಗ ಗಾಳಿ ಒಳಗೆ ನುಗ್ಗಿ ಸಿಂಬಳ ಇನ್ನೂ ಹಿಂದಕ್ಕೆ ಹೋಗುತ್ತೆ. ಹೊರಗೇ ಅದುಮಿ ಹಿಡಿದುಕೊಂಡು, ತುದಿಯನ್ನು ಹೊಳ್ಳೆಯ ಬಾಯಿಗೆ ಮಾತ್ರ ತಾಗಿಸಿ, ಬೆರಳು ನಿಧಾನಕ್ಕೆ ಸಡಿಲ ಬಿಡಬೇಕು. ನಾನು ಒಂದು ಲೋಟ ನೀರು ಕೊಟ್ಟು ಅದರಲ್ಲಿ ಮಾಡಿಸುತ್ತೇನೆ. ಗುಳ್ಳೆ ಬಂದರೆ ತಪ್ಪು, ನೀರು ಬಲ್ಬಿನೊಳಗೆ ಹೋದರೆ ಸರಿ. ದಿನಕ್ಕೆ ಮೂರು-ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಬಳಸಿದ ಮೇಲೆ ಸೋಪು ನೀರು ಒಳಗೆಳೆದು ಹಿಂಡಿ ತೊಳೆದು, ಪೂರ್ತಿ ಒಣಗಿಸಿ. ಒಮ್ಮೆ ಹಳೇ ಬಲ್ಬ್ ಕತ್ತರಿಸಿ ನೋಡಿದೆ, ಒಳಗೆಲ್ಲ ಕಪ್ಪು ಬೂಷ್ಟು!

ಬಡ್ಸ್ ಹಾಕಿ ಕೆದಕೋದು, ಬಾಯಿಟ್ಟು ಎಳೆಯೋದು, ಎರಡೂ ಬೇಡ. ನಮ್ಮ ಬಾಯಲ್ಲಿರೋ ಸೋಂಕು ಕೂಸಿಗೆ ಯಾಕೆ? ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ತಿಕ್ಕುವ ಮನೆಗಳು ಇನ್ನೂ ಇವೆ, ಕರ್ಪೂರದಿಂದ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು ಅಂದರೆ ನಂಬೋದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ ಇರುವ ಬಾಮೂ ಬೇಡ. ಸ್ನಾನ ಆದ ಮೇಲಿನ ಸಾಂಬ್ರಾಣಿ ಹೊಗೆ ಬಗ್ಗೆ ಮಾತಾಡಿದರಂತೂ ಅಜ್ಜಿಯರಿಗೆ ನನ್ನ ಮೇಲೆ ಕೋಪ. ಆದರೆ ಕಟ್ಟಿದ ಮೂಗಿಗೆ ಹೊಗೆ ಬಿದ್ದರೆ ಇನ್ನೂ ಕಟ್ಟುತ್ತೆ, ಅಲ್ವಾ?

ಇದೆಲ್ಲ ಬರೀ ನೆಗಡಿಗೆ. ಮಗು ಸಮಾಧಾನವಾಗಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಮೇಲೆ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಮೇಲೆ ಇದ್ದರೆ ಮನೆಯಲ್ಲಿ ಕೂರಬೇಡಿ. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾದರೆ, ಹಾಲೇ ಬಿಟ್ಟರೆ ಎಣಿಸುತ್ತಲೂ ಕೂರಬೇಡಿ, ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೂ ಅಷ್ಟೇ, ರಾತ್ರಿಯಾದರೂ ಸರಿ.

ಮೊನ್ನೆ ಒಬ್ಬ ಅಜ್ಜಿ ಲೋಟದಲ್ಲಿ ಮೂರು ಸಲ ಗುಳ್ಳೆ ಬರಿಸಿ, ನಾಲ್ಕನೇ ಸಲ ಸರಿಯಾಗಿ ನೀರೆಳೆದರು. ಬಲ್ಬ್ ಸೊಸೆ ಕೈಗೆ ಕೊಟ್ಟು, "ಹಂಗಾದ್ರೆ ಎಣ್ಣೆ ಬ್ಯಾಡ್ವಾ ಸಿಸ್ಟರ್?" ಅಂದರು.

"ಮೈಗೆ ಹಚ್ಚಿ ಅಜ್ಜಿ, ಮೂಗಿಗೆ ಬೇಡ."

"ಮೈಗೆ ಹಚ್ಚೇ ಹಚ್ತೀನಿ, ಅದನ್ನೇನ್ ನಿಮ್ಮನ್ ಕೇಳ್ಬೇಕಾ" ಅಂತ ಮಗುವನ್ನು ಎತ್ತಿಕೊಂಡು ಹೊರಟರು.